ಅಂಗಳದ ನಲವತ್ತೊಂದು ಹೆಸರು

ಸಿರುಗುಪ್ಪ
11 ಡಿಸೆಂಬರ್ 2024

ಸಂಘಮಿತ್ರಾ,

ಇಪ್ಪತ್ತೊಂಬತ್ತು ವರ್ಷಗಳ ಮೇಲೆ ನಿನಗೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವುದಕ್ಕಲ್ಲ, ಜಗಳಕ್ಕೆ. ನಿನ್ನ ಫೋನ್ ನಂಬರು ಹುಡುಕುವುದು ಕಷ್ಟವಿರಲಿಲ್ಲ. ಮಾಡಿದ್ದರೆ ಬಾಯಿಗೆ ಬಂದಂತೆ ಬೈದು ಇಟ್ಟುಬಿಡುತ್ತಿದ್ದೆ. ಆಮೇಲೆ ತಾತನ ಪದ್ಧತಿ ನೆನಪಾಯಿತು. ಮನೆಯಲ್ಲಿ ಯಾರು ಜಗಳವಾಡಿದರೂ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಕಂಬಕ್ಕೊಬ್ಬರಂತೆ ಕೂಡಿಸುತ್ತಿದ್ದ. "ಬಾಯಿ ಮುಚ್ಕೊಂಡು ಬರ್ದು ಕೊಡ್ರಿ. ಪೂರ್ತಿ ಬರೀರಿ. ಅರ್ಧ ಬರದೋರಿಗೆ ರೊಟ್ಟಿನೂ ಅರ್ಧ." ಅದಕ್ಕೇ ಈ ಪತ್ರ.

ನಿನ್ನೆ ನಮ್ಮ ಅಂಗನವಾಡಿಯ ಸಹಾಯಕಿ ಮೌನಿಕಾ ಪೇಪರು ಹಿಡಿದುಕೊಂಡು ಬಂದಳು. ಅದರಲ್ಲಿ ನೀನು ಕರಿ ಕೋಟು ಹಾಕಿಕೊಂಡು ನಮ್ಮ ಮನೆಯ ಕಂಬಕ್ಕೆ ಕೈ ಇಟ್ಟು ನಿಂತಿದ್ದೀಯ. ಕೆಳಗೆ ಬರೆದಿದ್ದಾರೆ: ಮನೆ ಉಳಿಸಲು ಹೋರಾಡುತ್ತಿರುವ ಓಬಣ್ಣನವರ ಮೊಮ್ಮಗಳು, ವಕೀಲೆ ಸಂಘಮಿತ್ರಾ. ಮೌನಿಕಾ ಕೇಳುತ್ತಾಳೆ, "ಟೀಚರ್, ಇವ್ರು ನಿಮ್ಮ ಅಕ್ಕಾರೇನ್ರಿ? ನೀವು ಒಬ್ಬಾಕಿನಾ ಮೊಮ್ಮಗಳು ಅಂತಿದ್ರಲ್ಲ?" ಮಕ್ಕಳಿಗೆ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಎಸೆದೆ.

ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡಿ ಆ ಮನೆ ಕಟ್ಟಿದವನು ನನ್ನ ತಾತ. ನಮ್ಮ ಕೇರಿಯ ಹುಡುಗರಿಗೆ ಬಳ್ಳಾರಿಯಲ್ಲಿ ಯಾರೂ ಒಂದು ಖೋಲಿ ಬಾಡಿಗೆಗೆ ಕೊಡದ ಕಾಲದಲ್ಲಿ, ಓದಲು ಬಂದವರಿಗೆಲ್ಲ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಬಾಗಿಲು ತೆಗೆದಿಟ್ಟವನು ನನ್ನ ತಾತ. ಆ ಬಾಗಿಲಲ್ಲಿ ಒಳಗೆ ಬಂದವರಲ್ಲಿ ನೀನೂ ಒಬ್ಬಳು. ಸಿರಿಗೇರಿಯಿಂದ ಒಂದು ತಗಡಿನ ಟ್ರಂಕು ಹಿಡಿದು ಆರನೇ ಕ್ಲಾಸಿಗೆ ಬಂದೆ. ನಾನು ಅಲ್ಲಿಯೇ ಹುಟ್ಟಿದವಳು.

ಅಣ್ಣ ದುರ್ಗೇಶ್ ಮನೆಯನ್ನು ಬಿಲ್ಡರಿಗೆ ಒಪ್ಪಿಸಿದ್ದು ನನಗೆ ಗೊತ್ತಿತ್ತು. ಮದುವೆಯ ವರ್ಷವೇ ಹಕ್ಕು ಬಿಟ್ಟೆನೆಂದು ಸಹಿ ಹಾಕಿದವಳು ನಾನು, ಏನೆನ್ನಲಿ? ಕೆಡವಿ ಅಂಗಡಿಗಳನ್ನು ಕಟ್ಟುತ್ತಾರೆ ಅಂದಾಗ ಒಂದು ವಾರ ಅನ್ನ ಸೇರಲಿಲ್ಲ. ಅದನ್ನು ತಡೆಯಲು ನೀನು ಅರ್ಜಿ ಹಾಕಿದ್ದೀಯ, ಒಳ್ಳೆಯದು. ಮನೆ ಉಳಿಸು. ಆದರೆ ನನ್ನ ತಾತನನ್ನು ನನಗೆ ಬಿಡು.

ಓಬಣ್ಣನವರ ಮೊಮ್ಮಗಳು,
ದುರ್ಗಾದೇವಿ


ಬಳ್ಳಾರಿ
18 ಡಿಸೆಂಬರ್ 2024

ದುರ್ಗೀ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಎಡಕ್ಕೆ ವಾಲಿಕೊಂಡು. ಲಕೋಟೆ ನೋಡಿದ ಕೂಡಲೇ ನಿನ್ನದೆಂದು ಗೊತ್ತಾಯಿತು.

ಪೇಪರಿನವರು ತಪ್ಪು ಬರೆದಿದ್ದಾರೆ. ತಿದ್ದಲು ಹೇಳುತ್ತೇನೆ. ಈಗ ಅದಕ್ಕಿಂತ ದೊಡ್ಡ ಮಾತು ಒಂದಿದೆ, ದಯವಿಟ್ಟು ಓದು.

ಅರ್ಜಿ ವಿಚಾರಿಸಲು ಒಂದು ಸಮಿತಿ ಮಾಡಿದ್ದಾರೆ. ಫೆಬ್ರವರಿ 12ಕ್ಕೆ ಅವರು ಮನೆ ನೋಡಲು ಬರುತ್ತಾರೆ. ನಲವತ್ತು ವರ್ಷ ಅದು ಬಡ ಹುಡುಗರ ಹಾಸ್ಟೆಲ್ ಆಗಿತ್ತು ಎಂದು ತೋರಿಸಿದರೆ ಮನೆ ಉಳಿಯುತ್ತದೆ. ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಹಾಜರಿ ಪುಸ್ತಕಗಳನ್ನು ಗೆದ್ದಲು ತಿಂದಿದೆ. ದುರ್ಗೇಶಣ್ಣ ಬರೆದುಕೊಟ್ಟಿದ್ದಾನೆ, "ಅದು ಬರೇ ಮನಿ. ನೆಂಟರ ಹುಡುಗ್ರು ಬಂದು ಇರ್ತಿದ್ರು, ಅಷ್ಟ." ಆ ಮನೆಯಲ್ಲೇ ಇದ್ದು ಓದಿದ ಕೊಳಗಲ್ಲಿನ ಚನ್ನಬಸವರಾಜ ಮೇಷ್ಟ್ರು ಬಂದು ಹೇಳಿಕೆ ಕೊಟ್ಟರು. ಬಾಯಿ ಮಾತು ಸಾಲದು ಎಂದರು.

ಅಂಗಳದ ಹೆಸರಿನ ಕಲ್ಲುಗಳಿದ್ದಿದ್ದರೆ! ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬೊಬ್ಬರಿಗೂ ತಾತ ಕುರುಗೋಡಿನಿಂದ ಒಂದು ಹಾಸುಬಂಡೆ ತರಿಸಿ, ಹೆಸರು, ಊರು, ವರ್ಷ ಕೆತ್ತಿಸಿ ಹಾಸುತ್ತಿದ್ದನಲ್ಲ. ನಲವತ್ತೊಂದು ಹೆಸರು. ಅದಕ್ಕಿಂತ ದೊಡ್ಡ ದಾಖಲೆ ಯಾವುದಿದೆ? 94ರ ಬೇಸಿಗೆಯಲ್ಲಿ ಬಚ್ಚಲ ಪೈಪು ಹಾಕಲು ಅಂಗಳ ಅಗೆದಾಗ ಎಲ್ಲಾ ಒಡೆದುಹೋದವು, ಹೊಸ ಕಲ್ಲು ಹಾಸಿದರು ಎಂದು ನೀನು ಹೇಳಿದ್ದೆ. ನಾನು ರಜೆಗೆ ಸಿರಿಗೇರಿಗೆ ಹೋಗಿದ್ದೆ. ನನ್ನ ಕಲ್ಲನ್ನು ನಾನು ಒಮ್ಮೆಯೂ ನೋಡಲಿಲ್ಲ.

ಅವುಗಳ ಒಂದು ಚೂರಾದರೂ ಎಲ್ಲಾದರೂ ಇದೆಯೇ? ಹಿತ್ತಲಿನಲ್ಲಿ, ಗೋಡೆಯಲ್ಲಿ? ನೆನಪು ಮಾಡಿಕೊಂಡು ಬರೆ.

ನಿನ್ನ
ಸಂಘಮಿತ್ರಾ


ಸಿರುಗುಪ್ಪ
2 ಜನವರಿ 2025

ಸಂಘಮಿತ್ರಾ,

ತಿದ್ದುಪಡಿ ಬಂತು, ನೋಡಿದೆ. ನಿನ್ನ ಚಿತ್ರ ಮುಖಪುಟದಲ್ಲಿ, ನನ್ನ ತಿದ್ದುಪಡಿ ಆರನೇ ಪುಟದಲ್ಲಿ, ಟೆಂಡರು ಪ್ರಕಟಣೆಯ ಕೆಳಗೆ.

ನೀನು ಕೇಳಿದ್ದು ಕಲ್ಲಿನ ವಿಷಯ. ನಾನು ಬೇರೆ ಬರೆಯುತ್ತೇನೆ, ಯಾಕೆಂದರೆ ಹಾಳೆ ನನ್ನದು.

ಬೆಳಿಗ್ಗೆ ತಾತನಿಗೆ ಪೇಪರು ಓದಿ ಹೇಳುವ ಕೆಲಸ ನನ್ನದಾಗಿತ್ತು. ಅವನ ಕಣ್ಣು ಮಂಜಾದ ಮೇಲೆ ನಾನೇ ಓದುತ್ತಿದ್ದೆ. ನೀನು ಬಂದ ಮೂರನೇ ವಾರಕ್ಕೆ ತಾತ ಹೇಳಿದ, "ಸಂಘಮಿತ್ರಾ ಓದ್ಲಿ. ಆಕಿ ನಿಲ್ಲಿಸಿ ನಿಲ್ಲಿಸಿ ಓದತಾಳ, ತಿಳೀತೈತಿ. ದುರ್ಗೀ, ನೀ ಹೋಗಿ ಜ್ವಾಳ ಹಸನ ಮಾಡು." ಮೊರದಲ್ಲಿ ಜೋಳ ಹಿಡಿದು ಕೂತು ನಿನ್ನ ದನಿ ಕೇಳುತ್ತಿದ್ದೆ. ಎಲ್ಲಿ ತಡವರಿಸುತ್ತೀಯೋ ಎಂದು ಕಾಯುತ್ತಿದ್ದೆ. ನೀನು ತಡವರಿಸುತ್ತಿರಲಿಲ್ಲ. ಹನುಮಮ್ಮಜ್ಜಿ ರಾತ್ರಿ ಓದುವವರಿಗೆಂದು ಒಂದು ಕೋಳಿ ತತ್ತಿ ಬೇಯಿಸಿ ಇಡುತ್ತಿದ್ದಳು. ಅದೂ ನಿನಗೇ ಹೋಯಿತು. ತತ್ತಿಗೆ ಅಳಬೇಕಾ ಅನ್ನಬೇಡ. ಅತ್ತಿದ್ದೇನೆ.

ಫಲಿತಾಂಶ ಬಂದ ದಿನ ನಿನಗೆ ಫಸ್ಟ್ ಕ್ಲಾಸ್, ನಾನು ಗಣಿತದಲ್ಲಿ ನಾಲ್ಕು ಅಂಕಕ್ಕೆ ಫೇಲು. ತಾತ ನಿನ್ನನ್ನು ಓಣಿ ತುಂಬಾ ಕರೆದುಕೊಂಡು ಹೋಗಿ, ಪ್ರತಿ ಅಂಗಡಿಯ ಮುಂದೆ ನಿಲ್ಲಿಸಿ, "ನಮ್ಮ ಹುಡುಗಿ, ನೋಡ್ರಿ" ಎಂದು ತೋರಿಸಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನಮ್ಮ ಹುಡುಗಿ ಎನ್ನುವ ಆ ಮಾತನ್ನು ಅವನು ನನಗೆ ಯಾವತ್ತೂ ಅಂದಿರಲಿಲ್ಲ. ಅನ್ನುವ ಅಗತ್ಯ ಅವನಿಗೆ ಕಂಡಿರಲಿಕ್ಕಿಲ್ಲ. ಇದೆಲ್ಲ ಈಗ ಹೊಳೆಯುತ್ತದೆ, ಹದಿನಾರರಲ್ಲಿ ಹೊಳೆಯಲಿಲ್ಲ.

ನನಗೆ ನಲವತ್ತಾರು ವರ್ಷ. ಇಪ್ಪತ್ತು ಮಕ್ಕಳಿಗೆ ದಿನಾ ಅ ಆ ತಿದ್ದಿಸುತ್ತೇನೆ. ಆದರೂ ನಿನ್ನ ಚಿತ್ರ ನೋಡಿದರೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತದೆ. ನಾಚಿಕೆಯಾಗುತ್ತದೆ, ಉರಿ ಮಾತ್ರ ಕಡಿಮೆಯಾಗುವುದಿಲ್ಲ.

ಕಲ್ಲಿನ ಚೂರು ಎಲ್ಲಿಯೂ ಇಲ್ಲ. ಹುಡುಕಬೇಡ.

ಅರ್ಧ ಬರೆದ ಹಾಗಿದೆ. ಇರಲಿ.

ದುರ್ಗಾದೇವಿ


ಬಳ್ಳಾರಿ
24 ಜನವರಿ 2025

ದುರ್ಗೀ,

ಬಿಲ್ಡರಿನ ಆಳುಗಳು ಬಂದು ಮುಂಬಾಗಿಲು ಕಿತ್ತುಕೊಂಡು ಹೋದರು. ಹಳೇ ಮರಕ್ಕೆ ಒಳ್ಳೆಯ ಗಿರಾಕಿ ಇದ್ದಾರಂತೆ. ಓಣಿಯ ತುದಿಯಲ್ಲಿ ಜೆಸಿಬಿ ತಂದು ನಿಲ್ಲಿಸಿದ್ದಾರೆ. ಸಮಿತಿಯವರು ನೋಡಿ ಹೋದ ಮರುದಿನವೇ ಕೆಡವುತ್ತೇವೆ ಎಂದು ದುರ್ಗೇಶಣ್ಣ ನನ್ನ ಮುಖಕ್ಕೇ ಹೇಳಿದ. ಬಾಗಿಲಿಲ್ಲದ ಮನೆಯೊಳಗೆ ನಾಯಿಗಳು ಮಲಗುತ್ತಿವೆ. ಕೋರ್ಟಿಗೆ ಹೋಗುವ ಮೊದಲು ದಿನಾ ಹೋಗಿ ಅಂಗಳ ಗುಡಿಸಿ ಬರುತ್ತೇನೆ. ಯಾಕೆಂದು ಕೇಳಬೇಡ.

ಹೊಸ ಕಲ್ಲು ಹಾಸಿದ ಹೊನ್ನೂರಪ್ಪನನ್ನಾದರೂ ಕೇಳೋಣವೆಂದರೆ, ಅವನು ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಿನ್ನ ಪತ್ರದ ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ಉಳಿದ ಅರ್ಧ ಏನು ದುರ್ಗೀ?

ಸಂಘಮಿತ್ರಾ


ಕುರುಗೋಡು
9 ಫೆಬ್ರವರಿ 2025

ಸಂಘಮಿತ್ರಾ,

ಹೊನ್ನೂರಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬದುಕಿದ್ದಾನೆ. ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಗುಡ್ಡದ ಕೆಳಗೆ ಅದೇ ಹಳೇ ಮನೆ. ಅವನ ಮೊಮ್ಮಗಳು ಅಕ್ಷತಾ ದಿನಾ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಬರುತ್ತಾಳೆ. ನಾಳೆ ಬೆಳಿಗ್ಗೆ ಈ ಪತ್ರ ನಿನ್ನ ಕೈಗೆ ಕೊಡುತ್ತಾಳೆ. ಫೋನಿನಲ್ಲಾದರೆ ಅರ್ಧ ಹೇಳಿ ಇಟ್ಟುಬಿಡುತ್ತಿದ್ದೆ.

ಕಲ್ಲುಗಳು ಒಡೆದಿಲ್ಲ. ಒಂದೂ ಒಡೆದಿಲ್ಲ. ನೀನು ದಿನಾ ಗುಡಿಸುವ ಅಂಗಳದಲ್ಲೇ ಇವೆ, ಬೋರಲಾಗಿ. ಅದನ್ನು ಮಾಡಿಸಿದ್ದು ನಾನು.

ಪೂರ್ತಿ ಬರೆಯುತ್ತೇನೆ. ಫಲಿತಾಂಶದ ಮರುದಿನ ನೀನು ಸಿರಿಗೇರಿಗೆ ಹೋದೆ. ತಾತ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದ. ದುರ್ಗೇಶಣ್ಣ, ಅಜ್ಜಿ ಅವನ ಜೊತೆಗಿದ್ದರು. ಹುಡುಗರೆಲ್ಲ ರಜೆಗೆ ಹೋಗಿದ್ದರು. ಮನೆಯಲ್ಲಿ ನಾನು, ಅಂಗಳ ಅಗೆಯುತ್ತಿದ್ದ ಹೊನ್ನೂರಪ್ಪ. ಪೈಪು ಹಾಕಿದ ಮೇಲೆ ಎಲ್ಲ ಕಲ್ಲನ್ನೂ ಮೊದಲಿನಂತೆ ಹಾಸುವುದು, ನಿನ್ನ ಹೊಸ ಕಲ್ಲನ್ನು ಬಾಗಿಲ ಎದುರಿಗೆ ಕೂಡಿಸುವುದು, ಹೀಗೆ ತಾತ ಹೇಳಿ ಹೋಗಿದ್ದ. ನಿನ್ನ ಕಲ್ಲು ಗೋಡೆಗೆ ಒರಗಿಸಿಟ್ಟಿತ್ತು. ಸಂಘಮಿತ್ರಾ, ಸಿರಿಗೇರಿ, 1994. ಇನ್ನು ಮೇಲೆ ದಿನಾ ಅದನ್ನು ದಾಟಿಯೇ ನೀರು ತರಬೇಕಲ್ಲ ಎಂದು ನೆನೆದು ನನ್ನ ಎದೆ ಉರಿಯಿತು.

ಹೊನ್ನೂರಪ್ಪನಿಗೆ ಓದು ಬರುವುದಿಲ್ಲ. ತಾತ ಸೀಮೆಸುಣ್ಣದಲ್ಲಿ ಬರೆದುಕೊಟ್ಟ ಗೆರೆಯ ಮೇಲೆ ಉಳಿ ಇಟ್ಟು ಕೆತ್ತುತ್ತಿದ್ದ. ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಅಪ್ಪಾ, ಅಕ್ಷರ ಅಂದ್ರ ವಿದ್ಯೆ. ಕಾಲಾಗ ತುಳೀಬಾರ್ದು. ಈ ಕಲ್ಲು ಬೋರಲ ಹಾಸು, ತಾತ ಏನೂ ಅನ್ನಂಗಿಲ್ಲ." ಅವನು ಹಾರೆ ಕೆಳಗಿಟ್ಟ. ಆಮೇಲೆ ತಲೆಯಾಡಿಸಿದ. ನಾನು ಅಡುಗೆಮನೆಗೆ ಹೋದೆ. ಆ ದಿನ ಮಾತ್ರ ನನಗೆ ಬಹಳ ಹಸಿವಾಗಿತ್ತು, ಅದು ಚೆನ್ನಾಗಿ ನೆನಪಿದೆ.

ಸಂಜೆ ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಒಂದು ಹೆಸರೂ ಇಲ್ಲ. ಎಲ್ಲವನ್ನೂ ಬೋರಲು ಹಾಕಿದ್ದ. ಸಂದಿಗೆ ಗಾರೆಯನ್ನೂ ತುಂಬಿದ್ದ.

ಇವತ್ತು ಕೇಳಿದೆ, ಯಾಕೆ ಎಲ್ಲವನ್ನೂ ತಿರುಗಿಸಿದೆ ಎಂದು. ಅವನ ಮಾತು ಹಾಗೇ ಬರೆಯುತ್ತೇನೆ. "ನೀನಾ ಹೇಳಿದ್ದೆಲ್ಲವಾ, ಅಕ್ಷರ ತುಳೀಬಾರ್ದು ಅಂತ. ನಾ ಹೆಬ್ಬೆಟ್ಟಿನ ಮನಷ್ಯಾ. ಇಷ್ಟ ವರ್ಷ ಎಲ್ಲಾರ ಕಾಲಾಗ ಹಾಕೀನಲ್ಲ ಅಂತ ಜೀವ ಝಲ್ ಅಂತು. ಒಂದ ಕಲ್ಲಿಗೆ ಮರ್ಯಾದಿ ಕೊಟ್ಟು ಉಳದೋವಕ್ಕ ಬ್ಯಾಡ ಅನ್ನಾಕ ಆಗತೈತೇನು? ಒಂದೊಂದಕ್ಕೂ ಕೈ ಮುಗದು ತಿರುವಿ ಹಾಕೀನಿ. ಆಮ್ಯಾಲ ಓಬಣ್ಣಪ್ಪ ನನ್ನ ಕೆಲಸಕ್ಕ ಕರೀಲಿಲ್ಲ. ಯಾಕ ಅಂತ ಇವತ್ತಿಗೂ ತಿಳೀಲಿಲ್ಲ."

ಯಾಕೆಂದರೆ ತಾತನಿಗೆ ನಾನು ಸುಳ್ಳು ಹೇಳಿದ್ದೆ. ಆಪರೇಷನ್ ಕೈಕೊಟ್ಟು, ಇದ್ದ ಕಣ್ಣೂ ಹೋಗಿ ಅವನು ಮನೆಗೆ ಬಂದ. ಬರಿಗಾಲಲ್ಲಿ ಅಂಗಳಕ್ಕೆ ಇಳಿದವನೇ ನಿಂತುಬಿಟ್ಟ. "ನೆಲ ಯಾಕ ಹಿಂಗ ಒರಟ ಆಗೈತಿ?" ಎಂದು ಕೇಳಿದ. ಹಳೇ ಕಲ್ಲು ಅಗೆಯುವಾಗ ಒಡೆದವು ತಾತ, ಹೊನ್ನೂರಪ್ಪ ಹೊಸವು ಹಾಸಿದ್ದಾನೆ ಎಂದೆ. ತಾತ ಅಲ್ಲೇ ಕೂತು ಕೈಯಿಂದ ನೆಲ ಸವರಿದ. ಮರುವರ್ಷ ಸತ್ತ.

ಹೆಸರನ್ನು ನೆಲಕ್ಕೆ ಯಾಕೆ ಹಾಕಿಸುತ್ತೀ, ಗೋಡೆಗೆ ಹಾಕಿಸಬಾರದಾ ಎಂದು ನೀನೇ ಒಮ್ಮೆ ಕೇಳಿದ್ದೆ. ಅವನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಮ್ಮ ಹುಡುಗ್ರು ತಲಿ ಕೆಳಗ ಹಾಕ್ಕೊಂಡು ನಡಿಯೋದು ಕಲ್ತು ಬರ್ತಾವು. ನೆಲದಾಗ ಹೆಸರು ಇದ್ರ ಓದ್ತಾವು. ನಾಕು ಹೆಸರು ಓದಿದ್ರ ತಲಿ ತಾನಾ ಮ್ಯಾಲ ಬರತೈತಿ." ಅಂಥ ನೆಲವನ್ನು ನಾನು ಕುರುಡು ಮಾಡಿದೆ.

ಹೊನ್ನೂರಪ್ಪ ಮಗನ ಜೊತೆ 12ಕ್ಕೆ ಹಾರೆ ತೆಗೆದುಕೊಂಡು ಬರುತ್ತಾನೆ. ಸಮಿತಿಯವರ ಎದುರಿಗೇ ತಿರುಗಿಸಿರಿ. ನಾನು ಬರುವುದಿಲ್ಲ. ಇದನ್ನು ಎಲ್ಲಿ ಬೇಕಾದರೂ ಓದಿ ಹೇಳು.

ಪೂರ್ತಿ ಬರೆದಿದ್ದೇನೆ.

ದುರ್ಗೀ


ಬಳ್ಳಾರಿ
16 ಫೆಬ್ರವರಿ 2025

ದುರ್ಗೀ,

ನಿನ್ನ ಪತ್ರ ಓದಿದ ದಿನ ನಾನು ಕೋರ್ಟಿಗೆ ಹೋಗಲಿಲ್ಲ. ನಿನ್ನನ್ನು ಎದುರಿಗೆ ಕೂಡಿಸಿಕೊಂಡು ಹೊಡೆಯಬೇಕು ಅನ್ನಿಸಿತು. ನನ್ನ ಕಲ್ಲು ಬೋರಲು ಹಾಕಿದ್ದಕ್ಕಲ್ಲ. ತಾತ ಸಾಯುವ ತನಕ ತನ್ನ ಮಕ್ಕಳ ಹೆಸರೆಲ್ಲ ಚೂರಾದವು ಎಂದು ನಂಬಿಕೊಂಡಿದ್ದನಲ್ಲ, ಅದಕ್ಕೆ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸಿದ್ದೇನೆ ಎಂದು ಬರೆದರೆ ಅರ್ಧ ಬರೆದ ಹಾಗೆ.

ಈಗ 12ರ ಸಂಗತಿ. ಸಮಿತಿಯವರು ಮೂವರು ಬಂದರು. ದುರ್ಗೇಶಣ್ಣ ಕೈಕಟ್ಟಿ ನಿಂತು, "ಎಲ್ಲೈತ್ರಿ ಹೆಸರು? ತೋರಿಸ್ರಿ" ಅಂದ. ಹೊನ್ನೂರಪ್ಪ ಚಪ್ಪಲಿ ಹೊರಗೆ ಬಿಟ್ಟು, ನೆಲಕ್ಕೆ ಕೈ ಮುಗಿದು, ಮಗನಿಗೆ ಹಾರೆ ಎಲ್ಲಿ ಹಾಕಬೇಕೆಂದು ತೋರಿಸಿದ. ಮೊದಲನೇ ಕಲ್ಲು ಎದ್ದಿತು. ಮಣ್ಣು ಹಿಡಿದಿತ್ತು. ನಾನು ಒಂದು ಬಕೆಟ್ ನೀರು ಹಾಕಿ ಸೆರಗಿನಿಂದ ಉಜ್ಜಿದೆ. ಎರ್ರೆಪ್ಪ, ಕೊಳಗಲ್ಲು, 1957. ಅಕ್ಷರದ ಅಂಚು ನಿನ್ನೆ ಕೆತ್ತಿದಂತಿತ್ತು. ಮೇಲೆ ಇದ್ದಿದ್ದರೆ ಇಷ್ಟು ವರ್ಷದ ಕಾಲಿಗೆ ಸವೆದು ಹೋಗುತ್ತಿತ್ತು, ದುರ್ಗೀ.

ಹದಿನಾಲ್ಕನೇ ಕಲ್ಲು ದುರ್ಗೇಶಣ್ಣನದು. ಅವನು ಅದನ್ನು ನೋಡಿದವನೇ ಹೊರಗೆ ಹೋಗಿ ಓಣಿಯಲ್ಲಿ ನಿಂತ. ಆಮೇಲೆ ಒಳಗೆ ಬಂದು ತಾನೂ ಒಂದು ಹಾರೆ ಹಿಡಿದ. ಸಂಜೆಯ ಹೊತ್ತಿಗೆ ನಲವತ್ತೊಂದೂ ಎದ್ದವು. ಸಮಿತಿಯವರು ಒಂದೊಂದರ ಚಿತ್ರ ತೆಗೆದುಕೊಂಡರು. ನಿನ್ನೆ ಆದೇಶ ಬಂತು, ಮನೆ ಕೆಡವುವ ಹಾಗಿಲ್ಲ. ಜೆಸಿಬಿ ಹೋಯಿತು. ಬಾಗಿಲು ವಾಪಸು ತರುವ ಜವಾಬ್ದಾರಿ ದುರ್ಗೇಶಣ್ಣನದು.

ನನ್ನ ಕಲ್ಲು ನೋಡಿದೆ. ಮೂವತ್ತು ವರ್ಷಕ್ಕೆ ನೋಡಿದೆ. ಅದರ ಮೇಲೆ ಕೂತು ಅತ್ತೆ, ವಕೀಲಳು ಎನ್ನುವುದನ್ನೂ ಮರೆತು.

ಇನ್ನೊಂದು ಮಾತು ಬರೆಯದಿದ್ದರೆ ನನಗೂ ರೊಟ್ಟಿ ಅರ್ಧವೇ. ಪೇಪರಿನವರು ತಪ್ಪು ಬರೆದರು ಎಂದಿದ್ದೆ. ಅವರದಲ್ಲ ತಪ್ಪು. ಆ ಹುಡುಗ ಕೇಳಿದ, "ನೀವು ಓಬಣ್ಣೋರ ಮೊಮ್ಮಗಳಾ ಮೇಡಂ?" ನಾನು ಇಲ್ಲ ಅನ್ನಲಿಲ್ಲ. ಆರನೇ ಕ್ಲಾಸಿನಿಂದ ಆ ಮನೆಯಲ್ಲಿ ನಾನು ಏಳುತ್ತಿದ್ದುದು ಎಲ್ಲರಿಗಿಂತ ಮೊದಲು, ಪೇಪರು ಓದುತ್ತಿದ್ದುದು ತಪ್ಪಿಲ್ಲದಂತೆ. ಯಾಕೆ ಗೊತ್ತಾ? ನಿನಗೆ ಜ್ವರ ಬಂದರೂ, ನೀನು ಫೇಲಾದರೂ, ಹಟ ಮಾಡಿದರೂ ನಿನ್ನನ್ನು ಯಾರೂ ಊರಿಗೆ ಕಳಿಸುತ್ತಿರಲಿಲ್ಲ. ನಾನು ಒಂದು ಸಲ ಫೇಲಾಗಿದ್ದರೆ ಟ್ರಂಕು ಹಿಡಿದು ಸಿರಿಗೇರಿ ಬಸ್ಸು ಹತ್ತಬೇಕಾಗಿತ್ತು ಎಂದು ಹೆದರಿಕೆ. ನೀನು ಮೊರ ಹಿಡಿದು ಕಾಲು ಚಾಚಿ ಕೂತಿರುತ್ತಿದ್ದೆಯಲ್ಲ, ಆ ಕೂರುವಿಕೆಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಅಂತೀ.

ಕೊನೆಯದಾಗಿ. ಅಂಗಳದಲ್ಲಿ ನಲವತ್ತೆರಡು ಹಾಸುಬಂಡೆ ಸಿಕ್ಕವು. ಒಂದರ ಮೇಲೆ ಏನೂ ಇಲ್ಲ, ಹೊಳಪು ಮಾತ್ರ ಕೊಟ್ಟಿದೆ. ನನ್ನ ಕಲ್ಲಿನ ಪಕ್ಕದಲ್ಲೇ ಅದೂ ಬೋರಲಾಗಿತ್ತು. ಇದು ಯಾರದೆಂದು ಹೊನ್ನೂರಪ್ಪನನ್ನು ಕೇಳಿದೆ. "ದುರ್ಗೀದು" ಅಂದ. "ರಿಜಲ್ಟು ಬರೂಕಿಂತ ಮೊದಲಾ ಓಬಣ್ಣಪ್ಪ ಎರಡು ಕಲ್ಲು ಹೇಳಿದ್ದ, ನಮ್ಮ ಇಬ್ಬರು ಹುಡುಗ್ಯಾರಿಗೆ ಅಂತ. ಆಕಿ ಫೇಲಾದ ಮ್ಯಾಲ, ಇದನ್ನೂ ಜೋಡಿ ಹಾಸಿಡು, ಆಕಿ ಪಾಸಾದ ದಿನ ಕೂತಲ್ಲೇ ಕೆತ್ತೂವಂತಿ ಅಂದ."

ಎರಡನ್ನೂ ಬಾಗಿಲ ಎದುರಿಗೇ ಇಟ್ಟಿದ್ದೇವೆ. ಒಪ್ಪಿದರೆ ನಿನ್ನ ಹೆಸರು ಕೆತ್ತಿಸುತ್ತೇನೆ. ಮನೆಯ ಮೊಮ್ಮಗಳಿಗೆ ಅಷ್ಟು ಹಕ್ಕಿದೆ.

ಸಂಘಮಿತ್ರಾ


ಸಿರುಗುಪ್ಪ
3 ಮಾರ್ಚ್ 2025

ಮಿತ್ರಾ,

ನಿನ್ನ ಪತ್ರವನ್ನು ಹತ್ತು ದಿನ ಇಟ್ಟುಕೊಂಡೆ. ನಮ್ಮ ಇಬ್ಬರು ಹುಡುಗ್ಯಾರಿಗೆ ಎನ್ನುವ ಜಾಗಕ್ಕೆ ಬಂದಾಗಲೆಲ್ಲ ಮುಂದೆ ಓದಲಾಗಲಿಲ್ಲ. ನಾನು ಬೋರಲು ಹಾಕಿಸಿದ ಕಲ್ಲಿನ ಪಕ್ಕದಲ್ಲೇ ನನ್ನದು ಇತ್ತು. ಅದರ ಮೇಲೆ ಕಾಲಿಟ್ಟೇ ನೀರು ತರುತ್ತಿದ್ದೆ.

ತಾತನಿಗೆ ಮಾಡಿದ್ದನ್ನು ನೀನು ಕ್ಷಮಿಸಬೇಡ. ನಾನೂ ಕ್ಷಮಿಸಿಕೊಂಡಿಲ್ಲ. ಹೊನ್ನೂರಪ್ಪನಿಗೆ ಎಲ್ಲವನ್ನೂ ಹೇಳಿ ಬಂದೆ. "ಹಂಗಾದ್ರ ನನ್ನ ಕೆಲಸ ಚೊಲೋ ಇಲ್ಲಂತ ಓಬಣ್ಣಪ್ಪ ಬಿಟ್ಟಿದ್ದಲ್ಲ" ಅಂದ. ಇಷ್ಟು ವರ್ಷ ಅದೇ ಅವನಿಗೆ ಕೊರೆಯುತ್ತಿತ್ತಂತೆ.

ಹೆಸರು ಕೆತ್ತಿಸುವ ಮಾತು. ಮೊಮ್ಮಗಳೆಂದು ಕೆತ್ತಿಸುವುದು ಬೇಡ. ಆ ಅಂಗಳದಲ್ಲಿ ಹುಟ್ಟಿದವರಿಗೆ ಕಲ್ಲಿಲ್ಲ, ಪಾಸಾದವರಿಗೆ ಮಾತ್ರ. ತಾತನ ನಿಯಮವನ್ನು ನೀನು ಮುರಿಯಬೇಡ.

ಇದರ ಜೊತೆ ಒಂದು ಜೆರಾಕ್ಸ್ ಇಟ್ಟಿದ್ದೇನೆ, ನೋಡು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಕ್ಟೋಬರ್ 1996. ಮದುವೆಯಾಗಿ ಸಿರುಗುಪ್ಪಕ್ಕೆ ಬಂದ ಮೇಲೆ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಕಟ್ಟಿದ ಪರೀಕ್ಷೆ. ಗಣಿತದಲ್ಲಿ ಮೂವತ್ತೆಂಟು. ತಾತ ಆಗಲೇ ಹೋಗಿದ್ದ, ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ಟ್ರಂಕಿನಲ್ಲಿಟ್ಟಿದ್ದೆ. ಮೌನಿಕಾಳಿಗೂ ತೋರಿಸಿರಲಿಲ್ಲ, ನಿನಗೆ ಮೊದಲು ತೋರಿಸುತ್ತಿದ್ದೇನೆ.

ಹೊನ್ನೂರಪ್ಪನ ಕೈ ನಡುಗುತ್ತದೆ, ಮಗ ಕೆತ್ತಲಿ. ದುರ್ಗಾದೇವಿ, ಬ್ರೂಸ್‌ಪೇಟೆ, 1996. ಸೀಮೆಸುಣ್ಣದಲ್ಲಿ ನೀನೇ ಬರೆದುಕೊಡು, ನಿನ್ನ ಅಕ್ಷರ ನೆಟ್ಟಗಿವೆ. ನಿನ್ನ ಹೆಸರಿಗಿಂತ ಒಂದು ಕೂದಲೆಳೆ ಸಣ್ಣದಾದರೂ ನಾನು ಒಪ್ಪುವುದಿಲ್ಲ, ದಾರ ಹಿಡಿದು ಅಳೆಯುತ್ತೇನೆ.

ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಂಗಳ ನೀನು ಗುಡಿಸಬೇಡ. ಅವತ್ತು ನಾನು ಗುಡಿಸುತ್ತೇನೆ.

ನಿನ್ನ
ದುರ್ಗೀ